ಕೊಲೆಸ್ಟ್ರಾಲ್ ಮಾತ್ರೆ ಮತ್ತು ವೈದ್ಯರ ಚೀಟಿ: ಸ್ಟ್ಯಾಟಿನ್ ಸೇವನೆಯಲ್ಲಿ ಕ್ಷೇಮದ ವಿಚಾರ

(ಚನ್ನರಾಯಪಟ್ಟಣದ ದತ್ತಿ ಉಪನ್ಯಾಸದ ಲಿಖಿತ ರೂಪ)

1. ವಿಷಯ ಪ್ರವೇಶ

ರಕ್ತದಲ್ಲಿನ ಕೊಲೆಸ್ಟ್ರಾಲನ್ನು ಇಳಿಸಲು ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ವರ್ಗದ ಮಾತ್ರೆಗಳು ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆಯಲ್ಲಿ ಹಳ್ಳಿಯ ಮನೆಗಳನ್ನೂ ಸೇರಿ ಬಹಳ ಕಾಲವಾಗಿದ್ದರೂ, ಒಂದು ವಿಷಯದಲ್ಲಿ ಅವು ಉಳಿದೆರಡರಿಂದ ಬೇರೆಯಾಗಿ ನಿಲ್ಲುತ್ತವೆ. ಬಿಪಿಯನ್ನು ಮನೆಯಲ್ಲಿಯೇ ಅಳೆದುಕೊಳ್ಳಬಹುದು, ಸಕ್ಕರೆಯನ್ನು ಬೆರಳ ತುದಿಯ ಒಂದು ಹನಿ ರಕ್ತದಿಂದ ತಿಳಿಯಬಹುದು. ಆದರೆ ಕೊಲೆಸ್ಟ್ರಾಲ್ ಏರಿದಾಗ ಮೈ ಏನನ್ನೂ ಹೇಳುವುದಿಲ್ಲ, ಮಾತ್ರೆಯಿಂದ ಅದು ಇಳಿದಾಗಲೂ ಹೇಳುವುದಿಲ್ಲ. ಮಾತ್ರೆಯ ಉಪಕಾರವೆಂದರೆ ಮುಂದೆ ಆಗಬಹುದಾಗಿದ್ದ ಹೃದಯಾಘಾತವೊಂದು ಆಗದೆ ಹೋಗುವುದು, ಮತ್ತು ಆಗದೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ಪ್ರತಿಯಾಗಿ ಮಾತ್ರೆ ನುಂಗುವ ದಿನಗಳಲ್ಲಿ ಕಾಣಿಸಿಕೊಂಡ ತೊಡೆನೋವು, ಆಯಾಸ, ಹೊಟ್ಟೆಯುಬ್ಬರಗಳೆಲ್ಲವೂ ಕೂಡಲೇ ಅನುಭವಕ್ಕೆ ಬಂದು ಮಾತ್ರೆಯ ತಲೆಯ ಮೇಲೆ ಕೂರುತ್ತವೆ. ಲಾಭ ಕಾಣದೆ ತೊಂದರೆ ಮಾತ್ರ ಕಾಣುವ ಇಂಥ ಔಷಧವನ್ನು ಅನುಭವವೊಂದನ್ನೇ ನಂಬಿ ಸೇವಿಸುವುದಾಗಲಿ ಬಿಡುವುದಾಗಲಿ ಕ್ಷೇಮವಲ್ಲವೆಂಬುದೂ, ಅದರ ಕ್ಷೇಮವು ಚೀಟಿ, ರಕ್ತಪರೀಕ್ಷೆಯ ವರದಿ ಮತ್ತು ವೈದ್ಯರೊಡನೆ ಮುಂದುವರಿಯುವ ಮಾತುಕತೆ ಈ ಮೂರನ್ನು ಆಶ್ರಯಿಸಿದೆಯೆಂಬುದೂ ಈ ಉಪನ್ಯಾಸದ ಪ್ರತಿಪಾದನೆ.

ಈ ವಿಚಾರಕ್ಕೆ ಹಾಸನ ಜಿಲ್ಲೆಯಲ್ಲಿ ವಿಶೇಷ ಪ್ರಸಕ್ತಿಯಿದೆ. 2025ರ ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗಿನ ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತಾಗಿ ಮೃತಪಟ್ಟರೆಂಬ ವರದಿಗಳು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರೆಂಬ ಕಾರಣಕ್ಕೆ, ರಾಜ್ಯದ ಗಮನವನ್ನೇ ಇತ್ತ ತಿರುಗಿಸಿದವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿಯು 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವುಗಳಲ್ಲಿ 4ಕ್ಕೆ ಹೃದಯದ ಸಂಬಂಧವೇ ಇಲ್ಲವೆಂದೂ, ಉಳಿದ 20ರಲ್ಲಿ 10 ಖಚಿತವಾಗಿ, 10 ಸಂಭಾವ್ಯವಾಗಿ ಹೃದಯಕ್ಕೆ ಸಂಬಂಧಿಸಿದವೆಂದೂ ವಿಂಗಡಿಸಿತು. ಸಮಿತಿಗೆ ಹೊಸದೊಂದು ನಿಗೂಢ ಕಾರಣ ಸಿಗಲಿಲ್ಲ. ಸಿಕ್ಕಿದ್ದು ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಬೊಜ್ಜು ಮತ್ತು ಕೊಲೆಸ್ಟ್ರಾಲಿನ ಏರುಪೇರು ಎಂಬ ಹಳೆಯ, ಪರಿಚಿತ ಕಾರಣಗಳೇ. ಆದರೆ ವರದಿ ಬರುವ ಮೊದಲೇ ಭಯ ಹಬ್ಬಿ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಉದ್ದುದ್ದ ಸಾಲುಗಳು ನಿಂತಿದ್ದವು. ಭಯವು ಜನರನ್ನು ಆಸ್ಪತ್ರೆಯ ಬಾಗಿಲಿನವರೆಗೆ ತರಬಲ್ಲುದು. ಹತ್ತಾರು ವರ್ಷ ದಿನಕ್ಕೊಂದರಂತೆ ಮಾತ್ರೆ ನುಂಗಿಸುವ ಶಕ್ತಿ ಅದಕ್ಕಿಲ್ಲ. ಆ ಕೆಲಸಕ್ಕೆ ತಿಳಿವಳಿಕೆಯೇ ಬೇಕು.

2. ಕೊಲೆಸ್ಟ್ರಾಲ್ ಮತ್ತು ಅದರ ಸಾಗಣೆ

ಕೊಲೆಸ್ಟ್ರಾಲ್ ಎಂಬುದು ಮೇಣದಂಥ ಒಂದು ಕೊಬ್ಬಿನ ವಸ್ತು. ಜೀವಕೋಶಗಳ ಪೊರೆ, ಕೆಲವು ಹಾರ್ಮೋನುಗಳು, ಪಿತ್ತರಸ ಮತ್ತು ಡಿ ಜೀವಸತ್ವ ಇವುಗಳ ತಯಾರಿಕೆಗೆ ಅದು ಬೇಕೇಬೇಕಾದುದರಿಂದ, ಆಹಾರದಲ್ಲಿ ಬರಲಿ ಬಾರದಿರಲಿ, ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ, ಮತ್ತು ಈ ತಯಾರಿಕೆಯಲ್ಲಿ ಯಕೃತ್ತಿನ ಪಾಲು ದೊಡ್ಡದು. ಎಣ್ಣೆ ನೀರಿನಲ್ಲಿ ಬೆರೆಯದಂತೆ ಕೊಲೆಸ್ಟ್ರಾಲ್ ರಕ್ತದಲ್ಲಿ ಬೆರೆಯುವುದಿಲ್ಲವಾದ್ದರಿಂದ ಅದು ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳೊಳಗೆ ಕುಳಿತು ಸಾಗಬೇಕಾಗುತ್ತದೆ. ಈ ಕಣಗಳಲ್ಲಿ ಕಡಿಮೆ ಸಾಂದ್ರತೆಯವನ್ನು ಎಲ್‌ಡಿಎಲ್ ಎಂದೂ, ಹೆಚ್ಚು ಸಾಂದ್ರತೆಯವನ್ನು ಎಚ್‌ಡಿಎಲ್ ಎಂದೂ ಕರೆಯುತ್ತಾರೆ. ರಕ್ತದಲ್ಲಿ ಎಲ್‌ಡಿಎಲ್ ಕಣಗಳು ವರ್ಷಾನುಗಟ್ಟಲೆ ಅಧಿಕವಾಗಿ ಉಳಿದಾಗ ಅವು ರಕ್ತನಾಳದ ಒಳಗೋಡೆಯೊಳಗೆ ನುಸುಳಿ, ಅಲ್ಲಿ ಉರಿಯೂತವನ್ನು ಕೆರಳಿಸಿ, ಕೊಬ್ಬಿನ ಗಡ್ಡೆಯಂಥ ದಪ್ಪವನ್ನು ಬೆಳೆಸುತ್ತವೆ. ಆ ದಪ್ಪದ ಮೇಲ್ಪದರ ಒಂದು ದಿನ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಕ್ಕೆ ಹೋಗುವ ರಕ್ತ ನಿಂತು ಹೃದಯಾಘಾತವಾಗುತ್ತದೆ. ಆದ್ದರಿಂದ ಹಠಾತ್ತೆಂದು ತೋರುವ ಹೃದಯಾಘಾತದ ಹಿಂದೆ ಬಹುತೇಕ ದೀರ್ಘಕಾಲದ ಮೌನ ತಯಾರಿಯೊಂದು ಇದ್ದೇ ಇರುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಿಸಬೇಕು. ಕೊಲೆಸ್ಟ್ರಾಲ್ ದಪ್ಪಗಿರುವವರ ಕಾಯಿಲೆಯೆಂಬುದು ಮೊದಲನೆಯದು. ಸಣಕಲು ಮೈಯವರಲ್ಲಿಯೂ, ವಂಶದಿಂದ ಬಂದ ದೋಷದ ಕಾರಣದಿಂದ, ಎಲ್‌ಡಿಎಲ್ ಬಹಳ ಹೆಚ್ಚಿರುವುದುಂಟು. ಸ್ಟ್ಯಾಟಿನ್ ಎಂದರೆ ರಕ್ತ ತೆಳು ಮಾಡುವ ಮಾತ್ರೆಯೆಂಬುದು ಎರಡನೆಯದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ಗಳ ಕೆಲಸವೇ ಬೇರೆ, ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಕೆಲಸವೇ ಬೇರೆ, ಮತ್ತು ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

3. ಬೂಷ್ಟಿನಿಂದ ಬಂದ ಮದ್ದು

ಸ್ಟ್ಯಾಟಿನ್‌ಗಳ ಮೂಲ ಒಂದು ಬೂಷ್ಟು. ಜಪಾನಿನ ಸಾಂಕ್ಯೋ ಕಂಪನಿಯಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದ ಅಕಿರಾ ಎಂಡೊ 1971ರಿಂದ ಸಾವಿರಾರು ಶಿಲೀಂಧ್ರ ಮಾದರಿಗಳನ್ನು ಪರೀಕ್ಷಿಸುತ್ತ ಹೋಗಿ, 1973ರಲ್ಲಿ ಪೆನಿಸಿಲಿಯಮ್ ಜಾತಿಯ ಒಂದು ನೀಲಿಹಸಿರು ಬೂಷ್ಟಿನಲ್ಲಿ ಕೊಲೆಸ್ಟ್ರಾಲಿನ ತಯಾರಿಕೆಯನ್ನು ತಡೆಯುವ ವಸ್ತುವನ್ನು ಕಂಡುಕೊಂಡರು. ಯಕೃತ್ತು ಕೊಲೆಸ್ಟ್ರಾಲನ್ನು ತಯಾರಿಸುವಾಗ ಅನೇಕ ಹಂತಗಳನ್ನು ದಾಟಬೇಕಾಗಿದ್ದು, ಅವುಗಳ ನಡುವೆ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವ ಪ್ರೋಟೀನು, ಕಾಲುವೆಯ ತೂಬಿನಂತೆ ಇಡೀ ಹರಿವನ್ನು ನಿಯಂತ್ರಿಸುತ್ತದೆ. ಸ್ಟ್ಯಾಟಿನ್ ಈ ತೂಬನ್ನು ಇಳಿಸುತ್ತದೆ. ತನ್ನ ತಯಾರಿಕೆ ತಗ್ಗಿದಾಗ ಯಕೃತ್ತಿನ ಕೋಶಗಳು ಎಲ್‌ಡಿಎಲ್ ಕಣಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಿಂದಲೇ ಕೊಲೆಸ್ಟ್ರಾಲನ್ನು ಎಳೆದುಕೊಳ್ಳತೊಡಗುತ್ತವೆ. ಈ ಗ್ರಾಹಕಗಳನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಪ್ರಶಸ್ತಿ ಬಂದಿತು. ಔಷಧವಾಗಿ ಮೊದಲು ಮಾರುಕಟ್ಟೆಗೆ ಬಂದ ಸ್ಟ್ಯಾಟಿನ್ ಎಂದರೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೋವಾಸ್ಟ್ಯಾಟಿನ್.

ಮಾತ್ರೆಯು ರಕ್ತದ ಅಂಕಿಯನ್ನು ಇಳಿಸುವುದಷ್ಟೇ ಅಲ್ಲದೆ ಆಯುಸ್ಸನ್ನೂ ಉಳಿಸುತ್ತದೆಯೇ ಎಂಬ ಪ್ರಶ್ನೆಗೆ 1994ರಲ್ಲಿ ಸ್ಕ್ಯಾಂಡಿನೇವಿಯಾದ ದೇಶಗಳಿಂದ ಉತ್ತರ ಬಂದಿತು. ಆಗಲೇ ಹೃದ್ರೋಗವಿದ್ದ 4,444 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸಿಮ್ವಾಸ್ಟ್ಯಾಟಿನ್ನನ್ನೂ ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದಾಗ, ಹುಸಿ ಮಾತ್ರೆಯ ಗುಂಪಿನಲ್ಲಿ 256 ಮಂದಿಯೂ ಸಿಮ್ವಾಸ್ಟ್ಯಾಟಿನ್ ಗುಂಪಿನಲ್ಲಿ 182 ಮಂದಿಯೂ ತೀರಿಕೊಂಡಿದ್ದರು. ಇದೇ ಚರಿತ್ರೆಯಲ್ಲಿ ಎಚ್ಚರಿಕೆಯ ಪುಟವೂ ಇದೆ: ಸೆರಿವಾಸ್ಟ್ಯಾಟಿನ್ ಎಂಬ ಔಷಧವು, ಅದರಲ್ಲಿಯೂ ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಕೊಬ್ಬಿನ ಮಾತ್ರೆಯ ಜೊತೆ ಸೇರಿದಾಗ, ಸ್ನಾಯುಗಳನ್ನು ಕರಗಿಸಿ ಪ್ರಾಣಕ್ಕೆ ಎರವಾಗುತ್ತಿದ್ದುದು ತಿಳಿದು 2001ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಒಂದೇ ವರ್ಗದ ಔಷಧ ಜೀವ ಉಳಿಸುವುದೂ, ತಪ್ಪು ಜೊತೆಯಲ್ಲಿ ಜೀವ ತೆಗೆಯುವುದೂ ಸಾಧ್ಯವೆಂಬ ಈ ಅನುಭವವೇ ಮುಂದಿನ ಎಚ್ಚರಿಕೆಗಳ ತಳಹದಿ.

4. ಯಾರಿಗೆ, ಎಷ್ಟು

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಎಲ್ಲರಿಗೂ ಒಂದೇ ಗುರಿಯನ್ನು ಇಡುವುದಿಲ್ಲ. ಅಪಾಯ ಕಡಿಮೆಯಿರುವವರಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಎಲ್‌ಡಿಎಲ್ 100 ಮಿಲಿಗ್ರಾಮಿಗಿಂತ ಕೆಳಗೂ, ಅಪಾಯ ಹೆಚ್ಚಿರುವವರಲ್ಲಿ 70ಕ್ಕಿಂತ ಕೆಳಗೂ, ಹೃದಯಾಘಾತ ಆಗಿಹೋದವರಂಥ ಅತಿ ಹೆಚ್ಚು ಅಪಾಯದವರಲ್ಲಿ 55ಕ್ಕಿಂತ ಕೆಳಗೂ ಇರಬೇಕೆಂದು ಅದು ಹೇಳುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿಯೇ ಮೊದಲ ಪರೀಕ್ಷೆ ಆಗಲೆಂದೂ ಸೂಚಿಸುತ್ತದೆ. ಆದ್ದರಿಂದ ಪ್ರಯೋಗಾಲಯದ ವರದಿಯಲ್ಲಿ ಅಂಕಿಯ ಪಕ್ಕದಲ್ಲಿ ಮುದ್ರಿತವಾಗಿರುವ ‘ಸಾಮಾನ್ಯ ಮಿತಿ’ಯನ್ನು ನೋಡಿ ‘ಎಲ್ಲ ನಾರ್ಮಲ್ ಇದೆ’ ಎಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಸ್ಟೆಂಟ್ ಹಾಕಿಸಿಕೊಂಡ ವ್ಯಕ್ತಿಗೆ 95 ಎಂಬ ಅಂಕಿ ಸಮಾಧಾನದ್ದಲ್ಲ. ಮೇಲಾಗಿ ಆ ಅಂಕಿ ಅಷ್ಟಕ್ಕೆ ಇಳಿದಿರುವುದೇ ಮಾತ್ರೆಯಿಂದ.

ದಕ್ಷಿಣ ಏಷ್ಯಾದ ಜನರಿಗೆ ಈ ಎಚ್ಚರ ಇನ್ನಷ್ಟು ಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ದತ್ತಾಂಶವು, ಈ ಭಾಗದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಕೆಲವು ವರ್ಷ ಮುಂಚೆಯೇ ಬರುತ್ತದೆಂದು ತೋರಿಸಿತು. ಚಿಕಿತ್ಸೆಯನ್ನು ಸರಳಗೊಳಿಸುವ ಪ್ರಯತ್ನಗಳಲ್ಲಿ ಕರ್ನಾಟಕದ ಪಾತ್ರವೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಪ್ರಮುಖ ಪಾತ್ರ ವಹಿಸಿದ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದೇಶದ 50 ಕೇಂದ್ರಗಳ 2,053 ಮಂದಿಯ ಮೇಲೆ, ಸಿಮ್ವಾಸ್ಟ್ಯಾಟಿನ್, ಆಸ್ಪಿರಿನ್ ಮತ್ತು ಮೂರು ಬಿಪಿ ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ಬಹುಗುಳಿಗೆಯನ್ನು ಪರೀಕ್ಷಿಸಲಾಯಿತು. ಹಲವು ಮಾತ್ರೆಗಳ ಬದಲು ಒಂದಾದರೆ ಬಡವರಿಗೂ ವಯಸ್ಸಾದವರಿಗೂ ಮರೆಯದೆ ತೆಗೆದುಕೊಳ್ಳುವುದು ಸುಲಭವೆಂಬುದು ಅದರ ಹಿಂದಿನ ವಿಚಾರ.

5. ಸೇವನೆಯ ಕ್ರಮ

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಟ್ಯಾಟಿನ್‌ಗಳು ಅಟಾರ್ವಾಸ್ಟ್ಯಾಟಿನ್ ಮತ್ತು ರೊಸುವಾಸ್ಟ್ಯಾಟಿನ್. ಇವೆರಡೂ ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ದಿನದ ಯಾವ ಹೊತ್ತಿನಲ್ಲಿ ತೆಗೆದುಕೊಂಡರೂ ನಡೆಯುತ್ತದೆ. ಬೇಗ ಕರಗಿಹೋಗುವ ಸಿಮ್ವಾಸ್ಟ್ಯಾಟಿನ್ನನ್ನು ಮಾತ್ರ, ದೇಹವು ಕೊಲೆಸ್ಟ್ರಾಲನ್ನು ರಾತ್ರಿ ಹೆಚ್ಚಾಗಿ ತಯಾರಿಸುವುದರಿಂದ, ಸಂಜೆಯ ಮೇಲೆ ತೆಗೆದುಕೊಳ್ಳಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗದೆ ಎಂದಿನಂತೆ ಒಂದನ್ನೇ ಮುಂದುವರಿಸಬೇಕು. ಪ್ರಮಾಣದ ವಿಷಯದಲ್ಲಿ ತಿಳಿದಿರಬೇಕಾದ ಒಂದು ನಿಯಮವಿದೆ: ಮಾತ್ರೆಯ ಶಕ್ತಿಯನ್ನು ಇಮ್ಮಡಿಗೊಳಿಸಿದಾಗಲೆಲ್ಲ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ನೂರಕ್ಕೆ ಆರರಷ್ಟು ಮಾತ್ರ. 20 ಮಿಲಿಗ್ರಾಮಿನ ಬದಲು ತಾನಾಗಿಯೇ 40 ತೆಗೆದುಕೊಂಡವರಿಗೆ ಲಾಭ ಇಮ್ಮಡಿಯಾಗುವುದಿಲ್ಲ, ಅಡ್ಡ ಪರಿಣಾಮದ ಸಾಧ್ಯತೆ ಮಾತ್ರ ಏರುತ್ತದೆ. ರೊಸುವಾಸ್ಟ್ಯಾಟಿನ್ ಅಂತೂ ಏಷ್ಯಾದ ಮೂಲದವರ ರಕ್ತದಲ್ಲಿ ಪಾಶ್ಚಾತ್ಯರಿಗಿಂತ ಸುಮಾರು ಇಮ್ಮಡಿ ಮಟ್ಟವನ್ನು ಮುಟ್ಟುತ್ತದೆಂದು ಕಂಡುಬಂದಿರುವುದರಿಂದ, ಅಮೆರಿಕದ ಔಷಧ ನಿಯಂತ್ರಕರ ಸೂಚನೆಯು ಅವರಿಗೆ 5 ಮಿಲಿಗ್ರಾಮಿನಿಂದ ಆರಂಭಿಸಬೇಕೆಂದು ಹೇಳುತ್ತದೆ. ಮೂತ್ರಪಿಂಡ ತೀವ್ರವಾಗಿ ದುರ್ಬಲವಾಗಿರುವವರಲ್ಲಿಯೂ ಅದರ ಪ್ರಮಾಣಕ್ಕೆ ಮಿತಿಯಿದೆ.

ಈ ಭಾಗದಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತು ಎರಡು ಕಡೆ ಅಪಾಯ ತರುತ್ತದೆ. ಎದೆಯ ಬಿಗಿತವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಹೊಟ್ಟೆಯ ಆಮ್ಲ ತಗ್ಗಿಸುವ ಜೆಲ್ ಕುಡಿದು ಮಲಗುವುದರಿಂದ ಹೃದಯಾಘಾತದ ಅಮೂಲ್ಯ ಗಂಟೆಗಳು ಕಳೆದುಹೋಗುವುದು ಒಂದು. ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುವ ಅದೇ ಜೆಲ್ಲನ್ನು ರೊಸುವಾಸ್ಟ್ಯಾಟಿನ್ ಜೊತೆಯಲ್ಲಿಯೇ ಸೇವಿಸಿದರೆ ಮಾತ್ರೆಯು ರಕ್ತಕ್ಕೆ ಸೇರುವ ಪ್ರಮಾಣ ಅರ್ಧದಷ್ಟು ಕುಸಿಯುವುದು ಇನ್ನೊಂದು. ಜೆಲ್ ಬೇಕೇಬೇಕಾದಾಗ ಮಾತ್ರೆ ನುಂಗಿ ಎರಡು ಗಂಟೆಯ ಮೇಲೆ ಕುಡಿಯುವುದು ಕ್ರಮ.

ಕಾನೂನಿನ ಪ್ರಕಾರ ಸ್ಟ್ಯಾಟಿನ್‌ಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿವೆ. ಆದರೂ ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಮೆಡಿಕಲ್ ಅಂಗಡಿಯಲ್ಲಿ ತೋರಿಸಿ ‘ಇದೇ ಕೊಡಿ’ ಎಂದು ಕೇಳುವ ರೂಢಿ ಬಲವಾಗಿದೆ. ಇದರಿಂದ ಹುಟ್ಟುವ ಮುಖ್ಯ ಅಪಾಯವೆಂದರೆ ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುವುದು. ಹಾಸನದಲ್ಲಿ ಒಬ್ಬ ವೈದ್ಯರು ಅಟಾರ್ವಾಸ್ಟ್ಯಾಟಿನ್ ಬರೆದಿರುತ್ತಾರೆ; ಮೈಸೂರಿನ ಆಸ್ಪತ್ರೆಯಲ್ಲಿ ಇನ್ನೊಬ್ಬರು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮತ್ತು ಸ್ಟ್ಯಾಟಿನ್ ಮೂರೂ ಸೇರಿದ ಒಂದೇ ಗುಳಿಗೆಯನ್ನು ಬರೆಯುತ್ತಾರೆ; ಹಳೆಯ ಚೀಟಿಯನ್ನು ಅಲ್ಲಿ ತೋರಿಸದಿದ್ದರೆ ಎರಡೂ ಮಾತ್ರೆಗಳು ಒಂದೇ ಹೊಟ್ಟೆಯನ್ನು ಸೇರುತ್ತವೆ. ಕಂಪನಿಯ ಹೆಸರು ದೊಡ್ಡಕ್ಷರದಲ್ಲಿದ್ದರೂ ಅದರ ಕೆಳಗೆ ಸಣ್ಣಕ್ಷರದಲ್ಲಿ ಔಷಧದ ನಿಜನಾಮ ಅಚ್ಚಾಗಿರುತ್ತದೆ, ಮತ್ತು ಆ ಹೆಸರಿನ ಕೊನೆಯಲ್ಲಿ ‘ಸ್ಟ್ಯಾಟಿನ್’ ಎಂದಿದ್ದರೆ ಅದು ಈ ವರ್ಗದ್ದು. ಓದು ಬಾರದ ಹಿರಿಯರ ಪರವಾಗಿ ಮನೆಯ ಮಕ್ಕಳು ಮಾಡಬಹುದಾದ ಸಣ್ಣ ಆದರೆ ಬೆಲೆಬಾಳುವ ಕೆಲಸ ಇದು. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಮಾತ್ರೆಗೂ ಬೇರೆ ಅಂಗಡಿಯ ಮಾತ್ರೆಗೂ ನಿಜನಾಮ ಮತ್ತು ಮಿಲಿಗ್ರಾಮು ಒಂದೇ ಆಗಿದ್ದರೆ ಔಷಧವೂ ಒಂದೇ. ದುಬಾರಿಯೆಂದು ಬಿಡುವುದಕ್ಕಿಂತ ಅಗ್ಗದ್ದನ್ನು ಬಿಡದೆ ತೆಗೆದುಕೊಳ್ಳುವುದು ಮೇಲು.

6. ಜೊತೆಯಲ್ಲಿ ಬರುವ ಔಷಧಗಳು

ಸಿಮ್ವಾಸ್ಟ್ಯಾಟಿನ್ ಮತ್ತು ಅಟಾರ್ವಾಸ್ಟ್ಯಾಟಿನ್‌ಗಳನ್ನು ದೇಹದಿಂದ ಕಳೆಯುವ ಯಕೃತ್ತಿನ ಕಿಣ್ವವನ್ನು ಕೆಲವು ಔಷಧಗಳು ತಡೆಹಿಡಿಯುವುದರಿಂದ, ಅವು ಜೊತೆಯಾದಾಗ ಸ್ಟ್ಯಾಟಿನ್ ಮಟ್ಟ ರಕ್ತದಲ್ಲಿ ಮಿತಿಮೀರಿ ಏರುತ್ತದೆ. ಗಂಟಲು, ಶ್ವಾಸಕೋಶದ ಸೋಂಕಿಗೆ ಕೊಡುವ ಕ್ಲಾರಿತ್ರೋಮೈಸಿನ್, ಎರಿತ್ರೋಮೈಸಿನ್‌ಗಳೂ, ಚರ್ಮದ ಹುಳುಕಡ್ಡಿಗೆ ಇತ್ತೀಚೆಗೆ ಧಾರಾಳವಾಗಿ ಬರೆಯುತ್ತಿರುವ ಇಟ್ರಾಕೊನಜೋಲ್ ಗುಳಿಗೆಯೂ ಈ ಗುಂಪಿನವು. ಹುಳುಕಡ್ಡಿ ಎಂದು ಚರ್ಮದ ವೈದ್ಯರ ಬಳಿ ಹೋದಾಗ ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಹೇಳಲು ಯಾರಿಗೂ ತೋಚುವುದಿಲ್ಲ, ಹೇಳಬೇಕಾದದ್ದು ಅಲ್ಲಿಯೇ. ಕೆಲವು ದಿನಗಳ ಮಟ್ಟಿಗೆ ಸ್ಟ್ಯಾಟಿನ್ ನಿಲ್ಲಿಸುವುದೋ ಸೋಂಕಿನ ಔಷಧವನ್ನೇ ಬದಲಿಸುವುದೋ ಎಂಬ ತೀರ್ಮಾನವನ್ನು ವೈದ್ಯರು ಮಾಡುತ್ತಾರೆ. ಸಾಮಾನ್ಯ ಬಿಪಿ ಮಾತ್ರೆಯಾದ ಆಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಸಿಮ್ವಾಸ್ಟ್ಯಾಟಿನ್ 20 ಮಿಲಿಗ್ರಾಮಿಗಿಂತ ಹೆಚ್ಚು ಸಲ್ಲದು. ದ್ರಾಕ್ಷಿಹಣ್ಣಿನ ಹೆಸರನ್ನು ಹೊತ್ತರೂ ಕಿತ್ತಳೆಯ ಬಳಗಕ್ಕೆ ಸೇರಿದ ಗ್ರೇಪ್‌ಫ್ರೂಟ್ ಎಂಬ ವಿದೇಶಿ ಹಣ್ಣಿನ ರಸವೂ ಇದೇ ಕಿಣ್ವವನ್ನು ತಡೆಯುತ್ತದೆ. ನಮ್ಮ ಚಕ್ಕೋತವು ಅದರ ಹತ್ತಿರದ ನಂಟಿನ ಹಣ್ಣಾಗಿದ್ದು ಅದರಲ್ಲಿಯೂ ಅದೇ ಬಗೆಯ ವಸ್ತುಗಳಿರುವುದರಿಂದ, ಈ ಮಾತ್ರೆಗಳನ್ನು ಸೇವಿಸುವವರು ಅದನ್ನು ದಿನವೂ ಹೇರಳವಾಗಿ ತಿನ್ನದಿರುವುದು ಲೇಸು.

ನಾಟಿ ಔಷಧ, ಸೊಪ್ಪು-ಬೇರಿನ ಪುಡಿಗಳ ಬಗ್ಗೆಯೂ ಇದೇ ನ್ಯಾಯ. ಕೊಲೆಸ್ಟ್ರಾಲಿಗೆಂದು ಹೆಸರಾದ ಗುಗ್ಗುಲುವನ್ನು ಅಮೆರಿಕದಲ್ಲಿ ಹುಸಿ ಮಾತ್ರೆಯೊಡನೆ ಹೋಲಿಸಿ ನೋಡಿದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿತ್ತು. ಕೆಂಪು ಯೀಸ್ಟ್ ಅಕ್ಕಿ ಎಂಬ ಹೆಸರಿನಲ್ಲಿ ಮಾರಾಟವಾಗುವ ‘ನೈಸರ್ಗಿಕ’ ಗುಳಿಗೆಯಲ್ಲಿ ಇರುವುದು ಲೋವಾಸ್ಟ್ಯಾಟಿನ್ನೇ. ಅದನ್ನು ವೈದ್ಯರ ಮಾತ್ರೆಯ ಜೊತೆ ತೆಗೆದುಕೊಂಡರೆ ಅಲ್ಲಿಯೂ ಎರಡು ಸ್ಟ್ಯಾಟಿನ್ ಸೇರಿದಂತಾಗುತ್ತದೆ.

ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಮತ್ತು ಎದೆಹಾಲು ಉಣಿಸುವವರು ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು; ಬಹುತೇಕ ಅವರಿಗೆ ಈ ಮಾತ್ರೆಯನ್ನು ನಿಲ್ಲಿಸಲಾಗುತ್ತದೆ.

7. ನೋವು, ಯಕೃತ್ತು, ಸಕ್ಕರೆ

ಮಾತ್ರೆ ಬಿಡುವವರು ಹೇಳುವ ಮೊದಲ ಕಾರಣ ಮೈಕೈ ನೋವು. ಒಟ್ಟು 1,23,940 ಮಂದಿಯನ್ನೊಳಗೊಂಡ 19 ಪ್ರಯೋಗಗಳನ್ನು ಒಟ್ಟಿಗೆ ವಿಶ್ಲೇಷಿಸಿ 2022ರಲ್ಲಿ ಪ್ರಕಟಿಸಿದಾಗ, ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಶೇ. 27.1 ಮಂದಿ ಸ್ನಾಯುನೋವನ್ನು ಹೇಳಿದ್ದರೆ, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿಯೂ ಶೇ. 26.6 ಮಂದಿ ಅದನ್ನೇ ಹೇಳಿದ್ದರು. ನೋವು ಸುಳ್ಳೆಂದು ಇದರ ಅರ್ಥವಲ್ಲ. ನೋವು ನಿಜ, ಆದರೆ ಬಹುಪಾಲು ಅದರ ಕಾರಣ ಮಾತ್ರೆಯಲ್ಲ. ಬ್ರಿಟನ್ನಿನಲ್ಲಿ, ಅಡ್ಡ ಪರಿಣಾಮಗಳಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ವರ್ಷದ ಅವಧಿಯಲ್ಲಿ ಕೆಲವು ತಿಂಗಳು ನಿಜ ಮಾತ್ರೆ, ಕೆಲವು ತಿಂಗಳು ಹುಸಿ ಮಾತ್ರೆ, ಕೆಲವು ತಿಂಗಳು ಯಾವುದೂ ಇಲ್ಲದಂತೆ ಬದಲಿಸಿ ಕೊಟ್ಟಾಗ, ನಿಜ ಮಾತ್ರೆಯ ತಿಂಗಳುಗಳಲ್ಲಿ ಕಂಡ ತೊಂದರೆಯ ನೂರಕ್ಕೆ ತೊಂಬತ್ತು ಪಾಲು ಹುಸಿ ಮಾತ್ರೆಯ ತಿಂಗಳುಗಳಲ್ಲಿಯೂ ಕಂಡಿತು. ಈ ಫಲಿತಾಂಶವನ್ನು ಅವರಿಗೇ ತೋರಿಸಿದ ಮೇಲೆ ಅರ್ಧದಷ್ಟು ಜನ ಮಾತ್ರೆಗೆ ಮರಳಿದರು.

ಆದರೂ ಸ್ಟ್ಯಾಟಿನ್‌ನಿಂದಲೇ ಬರುವ ಸ್ನಾಯುಹಾನಿ ಅಪರೂಪವಾಗಿ ಉಂಟು, ಮತ್ತು ಅದನ್ನು ಗುರುತಿಸುವ ಕ್ರಮ ತಿಳಿದಿರಬೇಕು. ಎರಡೂ ತೊಡೆ ಅಥವಾ ಎರಡೂ ತೋಳುಗಳಲ್ಲಿ ಒಂದೇ ತೆರನಾಗಿ ಬರುವ ನೋವು ಮತ್ತು ಬಲಹೀನತೆ, ನೆಲದಿಂದ ಏಳಲಾರದಂಥ ಸೋಲು, ಕಡುಬಣ್ಣದ ಮೂತ್ರ, ಇವು ಕಂಡರೆ ಮಾತ್ರೆಯನ್ನು ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಸ್ನಾಯು ಕರಗುತ್ತಿದೆಯೇ ಎಂಬುದನ್ನು ಸಿಕೆ ಎಂಬ ಕಿಣ್ವದ ರಕ್ತಪರೀಕ್ಷೆ ತಿಳಿಸುತ್ತದೆ. ಆದರೆ ತೆಂಗಿನ ಬುಡ ಅಗೆದ, ರಾಗಿ ಕೊಯ್ದ ಮರುದಿನವೂ ಸಿಕೆ ಏರಿರುವುದರಿಂದ, ಕಷ್ಟದ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳದಿದ್ದರೆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೆ ಅದೊಂದರಿಂದಲೇ ಕೊಲೆಸ್ಟ್ರಾಲೂ ಏರುತ್ತದೆ, ಸ್ಟ್ಯಾಟಿನ್‌ನಿಂದ ಸ್ನಾಯುಗಳಿಗೆ ತೊಂದರೆಯಾಗುವ ಸಂಭವವೂ ಹೆಚ್ಚುತ್ತದೆ. ಆದ್ದರಿಂದ ಆ ಪರೀಕ್ಷೆಯೂ ಒಮ್ಮೆ ಆಗಿರಬೇಕು.

ಯಕೃತ್ತಿನ ಕಿಣ್ವಗಳು ಕೆಲವರಲ್ಲಿ ಏರುವುದುಂಟಾದರೂ ನಿಜವಾದ ಯಕೃತ್ತಿನ ಹಾನಿ ಬಹಳ ವಿರಳ. ಆದ್ದರಿಂದಲೇ ಅಮೆರಿಕದ ನಿಯಂತ್ರಕರು 2012ರಲ್ಲಿ, ಆರಂಭದಲ್ಲಿ ಒಮ್ಮೆ ಪರೀಕ್ಷಿಸಿ ಅನಂತರ ಲಕ್ಷಣಗಳು ಕಂಡಾಗ ಮಾತ್ರ ಪರೀಕ್ಷಿಸಿದರೆ ಸಾಕೆಂದು ಸೂಚನೆಯನ್ನು ಬದಲಿಸಿದರು. ಕಣ್ಣು ಹಳದಿಯಾಗುವುದು ಅಂಥ ಒಂದು ಲಕ್ಷಣ. ಸಕ್ಕರೆಯ ವಿಷಯದಲ್ಲಿ ದೂರು ಪೂರ್ತಿ ಸುಳ್ಳಲ್ಲ: 255 ಮಂದಿ ನಾಲ್ಕು ವರ್ಷ ಸ್ಟ್ಯಾಟಿನ್ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ ಬರುತ್ತದೆಂದು 2010ರ ವಿಶ್ಲೇಷಣೆಯೊಂದು ಲೆಕ್ಕಹಾಕಿತು. ಅಪಾಯ ಹೆಚ್ಚಿರುವವರಲ್ಲಿ ಅಷ್ಟೇ ಮಂದಿಯಲ್ಲಿ ತಪ್ಪುವ ಹೃದಯಾಘಾತಗಳು ಇದಕ್ಕಿಂತ ಹೆಚ್ಚಾದುದರಿಂದ, ಸಕ್ಕರೆ ಕಾಯಿಲೆಯಿದ್ದವರಿಗೂ ವೈದ್ಯರು ಈ ಮಾತ್ರೆಯನ್ನು ಬರೆಯುತ್ತಾರೆ.

8. ಊಟ, ಹೊಗೆಸೊಪ್ಪು ಮತ್ತು ಮಾತ್ರೆ

ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದಲ್ಲಿ ಕಾಯಿಯ ಪ್ರಶ್ನೆ ಏಳುವುದು ಸಹಜ. ಸಸ್ಯಮೂಲದ್ದಾದ ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂಬುದು ಸರಿ. ಆದರೆ ಕೊಬ್ಬರಿ ಎಣ್ಣೆಯ ಹತ್ತು ಪಾಲಿನಲ್ಲಿ ಎಂಟಕ್ಕೂ ಹೆಚ್ಚು ಪಾಲು ಸಂತೃಪ್ತ ಕೊಬ್ಬು, ಮತ್ತು ಈ ಬಗೆಯ ಕೊಬ್ಬು ಯಕೃತ್ತಿನ ಎಲ್‌ಡಿಎಲ್ ಗ್ರಾಹಕಗಳನ್ನು ಕುಗ್ಗಿಸುವುದರಿಂದ ಸ್ಟ್ಯಾಟಿನ್ ಒಂದು ಕಡೆ ಎಳೆದದ್ದನ್ನು ಅದು ಇನ್ನೊಂದು ಕಡೆ ಎಳೆಯುತ್ತದೆ. ಸಾರಿಗೆ, ಚಟ್ನಿಗೆ ಹಾಕುವ ಕಾಯಿತುರಿಯನ್ನು ಹಿತವಾಗಿ ಬಳಸುವುದು ಒಂದು, ದಿನವೂ ಕೊಬ್ಬರಿ ಎಣ್ಣೆ, ತುಪ್ಪ ಮತ್ತು ಹೋಟೆಲಿನ ಕರಿದ ತಿಂಡಿಗಳಲ್ಲಿ ಮುಳುಗುವುದು ಇನ್ನೊಂದು. ರಾಗಿ ಮುದ್ದೆ, ಹುರುಳಿ, ಅವರೆ, ಸೊಪ್ಪುಗಳ ನಾರು ಮಾತ್ರೆಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಅರಕಲಗೂಡು ತಾಲ್ಲೂಕಿನ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯಾಗಿ ಹಣ ತರಬಹುದು. ಬೀಡಿ, ಸಿಗರೇಟಾಗಿ ಎದೆಗೆ ಇಳಿದಾಗ ಅದರ ಹಾನಿಯನ್ನು ಯಾವ ಸ್ಟ್ಯಾಟಿನ್ನೂ ತೊಳೆಯಲಾರದು.

9. ಉಪಸಂಹಾರ

ಮಾತ್ರೆ ಆರಂಭವಾದ ನಾಲ್ಕರಿಂದ ಹನ್ನೆರಡು ವಾರಗಳೊಳಗೆ ಒಮ್ಮೆ ರಕ್ತಪರೀಕ್ಷೆ ಆಗಬೇಕೆಂಬುದು ಒಪ್ಪಿತ ಕ್ರಮ. ಮಾತ್ರೆಯನ್ನು ಮೈ ಒಪ್ಪಿಕೊಂಡಿತೇ, ಗುರಿ ತಲುಪಿತೇ ಎಂಬುದನ್ನು ತಿಳಿಸುವ ಬೇರೆ ದಾರಿಯಿಲ್ಲ. ಗುರಿ ತಲುಪಿದ ಮೇಲೆ ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಮಟ್ಟಕ್ಕೆ ಮರಳುತ್ತದೆ, ಮತ್ತು ಅದು ಮರಳಿದ್ದು ಮೈಗೆ ತಿಳಿಯುವುದಿಲ್ಲ. ಆದ್ದರಿಂದ ನೋವಾದಾಗ, ಹೊಸ ಕಾಯಿಲೆ ಬಂದಾಗ, ಬೇರೆ ಊರಿನ ಆಸ್ಪತ್ರೆಗೆ ಹೋದಾಗ ಮಾಡಬೇಕಾದದ್ದು ಒಂದೇ ಬಗೆಯ ಕೆಲಸ: ಹಳೆಯ ಚೀಟಿ, ಹಳೆಯ ವರದಿ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡುವುದು. ಪ್ರಮಾಣ ಇಳಿಸುವುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸುವುದು, ದಿನ ಬಿಟ್ಟು ದಿನ ಕೊಡುವುದು, ಎಜೆಟಿಮೈಬ್‌ನಂಥ ಬೇರೆ ವರ್ಗದ ಔಷಧ ಸೇರಿಸುವುದು, ಹೀಗೆ ಹಲವು ದಾರಿಗಳು ವೈದ್ಯರ ಬಳಿ ಇವೆ. ಮನೆಯಲ್ಲಿ ಒಬ್ಬರೇ ಕುಳಿತು ತೀರ್ಮಾನಿಸುವವರ ಬಳಿ ಇರುವುದು ನುಂಗುವುದು ಅಥವಾ ಬಿಡುವುದು ಎಂಬ ಎರಡೇ ದಾರಿ. ಹೊಲದ ಪಹಣಿಯನ್ನು ಟ್ರಂಕಿನಲ್ಲಿ ಜೋಪಾನವಾಗಿಡುವ ಮನೆಗಳಲ್ಲಿ ಕೊಲೆಸ್ಟ್ರಾಲ್ ವರದಿಗೂ ಅದರ ಪಕ್ಕದಲ್ಲಿ ಒಂದಿಷ್ಟು ಜಾಗ ಸಿಕ್ಕರೆ, 2025ರ ಬೇಸಗೆಯ ಕೊನೆಯಲ್ಲಿ ಭಯವಾಗಿ ಬಂದ ಪಾಠವು ಕ್ರಮವಾಗಿ ಉಳಿದಂತಾಗುತ್ತದೆ.